ಚಿಕ್ಕಪ್ಪಯ್ಯನ ಗಾಡಿಯ ಮಾಡು

ಈ ಸಲ ಅಡಿಕೆ ಇಲ್ಲ, ಕೊಳೆರೋಗ ಇಲ್ಲ. ಗಾಡಿಯ ಮಾಡು ಸೋರುವುದನ್ನು ನಿಲ್ಲಿಸಿದ ಕತೆ. ಇದರಲ್ಲಿ ಕೃಷಿ ಎಂತದ್ದು ಅಂತ ಕೇಳುವವರು ಇರಬಹುದು. ಮೇ ತಿಂಗಳ ಹದಿನೇಳು ದಿನ ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಮಾಡಿದ ಕೆಲಸ ಇದು, ಹಾಗಾಗಿ ಇಲ್ಲಿ ಬರೆಯದೆ ಬೇರೆಲ್ಲಿ ಬರೆಯುವುದು? ಹಳೆ ಓಮ್ನಿ, ಜೀಪು, ಶೀಟಿನ ಪಂಪ್ ಶೆಡ್ಡು ಇಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಿಗೂ ಉಪಯೋಗಕ್ಕೆ ಬಂದೀತು.

ಗಾಡಿ ಯಾವುದು ಅಂದರೆ ಹಳೆ ಟ್ರಾವೆಲರ್. ಬಜಾಜ್ ಟೆಂಪೋ ಕಂಪೆನಿ ಫೋರ್ಸ್ ಮೋಟಾರ್ಸ್ ಅಂತ ಹೆಸರು ಬದಲಿಸಿದ್ದು 2005ರಲ್ಲಿ, ನಮ್ಮದು ಅದಕ್ಕೂ ಹಿಂದಿನದು. ಮೊದಲು ಒಂದು ಬಯಲಾಟದ ಮೇಳದಲ್ಲಿ ಇತ್ತು. ಚಿಕ್ಕಪ್ಪಯ್ಯ ಅದರ ಡ್ರೈವರ್. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಹತ್ತನಾವಧಿಗೆ ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರು. ರಾತ್ರಿ ಇಡೀ ಆಟ, ಬೆಳಿಗ್ಗೆ ಮುಂದಿನ ಊರಿಗೆ, ಮಧ್ಯಾಹ್ನ ಗಾಡಿಯೊಳಗೇ ನಿದ್ರೆ. ಇಪ್ಪತ್ತೆರಡು ವರ್ಷ ಹೀಗೇ. ಮೇಳದವರು ಹೊಸ ಗಾಡಿ ತಕೊಂಡಾಗ ಹಳೆಯದನ್ನು ಇವರೇ ಕೊಂಡರು. ಹಿಂದಿನ ಸೀಟು ತೆಗೆಸಿ ಹಲಗೆ ಮಂಚ, ಗ್ಯಾಸ್ ಒಲೆ ಇಡಲು ಒಂದು ಕಟ್ಟೆ, ಬಟ್ಟೆಗೆ ಒಂದು ಪೆಟ್ಟಿಗೆ ಮಾಡಿಸಿಕೊಂಡರು. ಈಗ ಪೇಟೆಯವರು ಇದಕ್ಕೆ ಕ್ಯಾರವಾನ್ ಅಂತಾರೆ, ಲಕ್ಷಗಟ್ಟಲೆ ಕೊಟ್ಟು ಮಾಡಿಸುತ್ತಾರೆ. ಚಿಕ್ಕಪ್ಪಯ್ಯನಿಗೆ ಇದು ಮನೆ, ಅಷ್ಟೆ. ಮದುವೆ ಆದವರಲ್ಲ. ಗೋಳಿಹೊಳೆ ಕಡೆಯ ನಮ್ಮ ತೋಟದಲ್ಲಿ ಹಟ್ಟಿಯ ಹಿಂದೆ ಗಾಡಿ ನಿಲ್ಲಿಸಿ ಅದರಲ್ಲೇ ಇದ್ದಾರೆ. ಊಟಕ್ಕೆ ಮನೆಗೆ ಬರುತ್ತಾರೆ, ಮಲಗಲಿಕ್ಕೆ ಮಾತ್ರ ಬರುವುದಿಲ್ಲ. "ಒಳ್ಗ್ ಮಲ್ಕಂಡ್ರೆ ನಂಗ್ ನಿದ್ರಿ ಬತ್ತಿಲ್ಲ" ಅನ್ನುವುದು ಅವರ ಹಳೆ ಮಾತು.

ತೊಂದರೆ ಶುರುವಾದದ್ದು ಹೋದ ವರ್ಷದ ಮಳೆಗಾಲದಲ್ಲಿ. ಮಂಚದ ಮೇಲೆಯೇ ನೀರು ತೊಟ್ಟಿಕ್ಕಲು ಶುರು. ಒಂದು ಬಾಲ್ದಿ ಇಟ್ಟರು, ಮತ್ತೆ ಎರಡಾಯಿತು. ಒಳಗಿನ ಪ್ಲೈವುಡ್ಡಿಗೆ ಕಪ್ಪು ಬೂಸಲು ಹಿಡಿಯಿತು. ಅವರಿಗೆ ಮೊದಲೇ ಸ್ವಲ್ಪ ಉಬ್ಬಸ. ಸೋಣೆಯ ಹೊತ್ತಿಗೆ ರಾತ್ರಿ ಕೂತೇ ಕಳೆಯುವ ಹಾಗಾಯಿತು. ಕುಂದಾಪುರದ ಡಾಕ್ಟ್ರು ಪಂಪು ಬರೆದುಕೊಟ್ಟು, "ಬೂಸಲು ಇರುವ ಜಾಗದಲ್ಲಿ ಮಲಗುವುದಾದರೆ ಈ ಔಷಧಿ ಎಂತ ಮಾಡುವುದೂ ಇಲ್ಲ" ಅಂತ ನೇರ ಹೇಳಿದರು. ಅಮ್ಮ ಚಾವಡಿಯಲ್ಲಿ ಮಂಚ ಹಾಕಿಸಿದರು. ಚಿಕ್ಕಪ್ಪಯ್ಯ ಎಂಟು ದಿನ ಮಲಗಿದರು. ಮಲಗಿದರು ಅನ್ನುವುದು ಸರಿಯಲ್ಲ, ಅಡ್ಡ ಆದರು. ರಾತ್ರಿ ಎರಡು ಗಂಟೆಗೆ ಜಗಲಿಯಲ್ಲಿ ಬೀಡಿಯೂ ಇಲ್ಲದೆ ಸುಮ್ಮನೆ ಕೂತಿರುತ್ತಿದ್ದರು. ಒಂಬತ್ತನೇ ದಿನ ಹಾಸಿಗೆ ಸುರುಳಿ ಸುತ್ತಿ ಗಾಡಿಗೇ ಹೋದರು.

ಹಾಗಾಗಿ ಈ ಬೇಸಿಗೆಯಲ್ಲಿ ಮನೆಯಲ್ಲಿ ಮೂರು ಅಭಿಪ್ರಾಯ. ಗುಜರಿಗೆ ಕೊಡಿ, ಆಗ ಒಳಗೆ ಬಂದೇ ಬರುತ್ತಾರೆ ಅಂತ ಭಾವ. ಮೇಲೆ ನಾಲ್ಕು ಕಂಬ ನೆಟ್ಟು ಶೀಟು ಹೊದೆಸಿದರೆ ಮುಗಿಯಿತು, ಗಾಡಿಯನ್ನು ಮುಟ್ಟುವುದೇ ಬೇಡ ಅಂತ ನನ್ನ ತಮ್ಮ. ಅವನ ಮಾತಿನಲ್ಲಿ ಹುರುಳಿತ್ತು, ಖರ್ಚೂ ಕಡಿಮೆ, ವಿಚಾರಿಸಿದರೆ ಹತ್ತು ಜನರಲ್ಲಿ ಒಂಬತ್ತು ಜನ ಹೇಳುವುದೂ ಅದನ್ನೇ. ಚಿಕ್ಕಪ್ಪಯ್ಯನನ್ನು ಕೇಳಿದೆ. "ಮಾಡಿನಡಿಗೆ ಹಾಕಿದ್ರೆ ಅದ್ ಮತ್ತ್ ಹೊರ್ಗ್ ಬತ್ತಿಲ್ಲ ಮಗಾ. ಅಲ್ಲೇ ಕೋಳಿಗೂಡ್ ಆತ್ತ್" ಅಂದರು. ಅವರಿಗೆ ಈಗಲೂ ವರ್ಷಕ್ಕೆ ಹತ್ತಿಪ್ಪತ್ತು ಆಟಕ್ಕೆ ಗಾಡಿ ತಕೊಂಡು ಹೋಗಬೇಕು. ಮಾರಣಕಟ್ಟೆ ಜಾತ್ರೆಗೆ ಹೋಗಬೇಕು, ಅಲ್ಲೇ ಮಲಗಿ ಬರಬೇಕು. ಅದೊಂದು ನಿಂತರೆ ಆ ಜೀವ ಎಷ್ಟು ದಿನ ಅಂತ ನನಗೆ ಅನಿಸಿತು. ಮಾಡು ಸರಿಮಾಡುವುದು ಅಂತ ತೀರ್ಮಾನ ಆಯಿತು.

ಮೊದಲು ನೀರಿನ ಲೆಕ್ಕ ನೋಡಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಘಟ್ಟದ ಬುಡಕ್ಕೆ ಹೋದ ಹಾಗೆ ಇನ್ನೂ ಜಾಸ್ತಿ. ಗಾಡಿಯ ತಲೆ ನಾಲ್ಕೂವರೆ ಮೀಟರ್ ಉದ್ದ, 1.8 ಮೀಟರ್ ಅಗಲ, ಅಂದರೆ ಎಂಟು ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಬೀಳುವ ನೀರು 32,000 ಲೀಟರಿನ ಆಸುಪಾಸು. ಎರಡು ಮೂರು ನೀರಿನ ಟ್ಯಾಂಕರು ಅಂತ ಇಟ್ಟುಕೊಳ್ಳಿ. ಅದರಲ್ಲಿ ಸಾವಿರಕ್ಕೆ ಒಂದು ಲೀಟರ್ ಒಳಗೆ ಬಂದರೂ 32 ಲೀಟರ್ ಹಾಸಿಗೆ ಮೇಲೆ.

ಇದಕ್ಕೂ ಮೊದಲು ಒಂದು ಸಲ ರಿಪೇರಿ ಆಗಿತ್ತು. ಹೆಸರು ಬೇಡ, ಒಂದು ಗ್ಯಾರೇಜಿನವರು ಸಂದಿಗೆಲ್ಲ ಸಿಲಿಕಾನ್ ಬಳಿದು, ಅದರ ಮೇಲೆ ಬಿಟುಮೆನ್ ಶೀಟು ಅಂಟಿಸಿ ಕೊಟ್ಟಿದ್ದರು. ಒಂದು ಮಳೆಗಾಲ ನಿಂತಿತು. ಆಮೇಲೆ ಅಂಚು ಎದ್ದು, ನೀರು ಶೀಟಿನ ಅಡಿಗೆ ಹೋಗಿ, ಬಿಸಿಲು ಬಂದರೂ ಆರಲು ಜಾಗವಿಲ್ಲದೆ ಅಲ್ಲೇ ಕೂತು ತುಕ್ಕು ಹಿಡಿಸಿತು. ಅದನ್ನು ಕೆತ್ತಿ ತೆಗೆಯಲಿಕ್ಕೇ ನನಗೆ, ತಮ್ಮನಿಗೆ ಎರಡು ದಿನ. ಡಾಂಬರು ಬೆಳಿಗ್ಗೆ ತಂಪಿನಲ್ಲಿ ಸಲೀಸಾಗಿ ಎದ್ದು ಬರುತ್ತದೆ, ಮಧ್ಯಾಹ್ನ ಬೆಲ್ಲದ ಪಾಕ. ಸಿಲಿಕಾನ್ ಮಾತ್ರ ಬ್ಲೇಡಿನಿಂದ ಕೆರೆದೇ ತೆಗೆಯಬೇಕು. ಹಳೆ ಸಿಲಿಕಾನಿನ ಮೇಲೆ ಪೈಂಟೂ ಹಿಡಿಯುವುದಿಲ್ಲ, ಹೊಸ ಸಿಲಿಕಾನೂ ಹಿಡಿಯುವುದಿಲ್ಲ. ಒಂದು ಪದರ ಉಳಿದರೂ ಮುಂದಿನ ಕೆಲಸವೆಲ್ಲ ಹಾಳು. ಅಂಗಡಿಯಲ್ಲಿ ಸಿಗುವ ಅಗ್ಗದ ಸಿಲಿಕಾನ್, ವಿನೆಗರಿನ ಹಾಗೆ ಹುಳಿ ವಾಸನೆ ಬರುತ್ತದಲ್ಲ, ಅದು ಆರುವಾಗ ಬಿಡುವುದು ಆಮ್ಲವನ್ನೇ. ಬೋಳು ಕಬ್ಬಿಣಕ್ಕೆ ಅದು ಒಳ್ಳೆಯದಲ್ಲ.

ಇನ್ನು ಸೋರುವ ಜಾಗ ಹುಡುಕುವುದು. ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೇಳಿಕೊಡಬೇಕಾದ್ದಿಲ್ಲ. ಒಳಗೆ ಬೀಳುವ ಜಾಗ ಒಂದು, ಹಂಚು ಒಡೆದ ಜಾಗ ಇನ್ನೊಂದು. ನೀರು ಪಕಾಸಿಯ ಅಡಿ ಹಿಡಿದುಕೊಂಡು ನಾಲ್ಕು ಮೊಳ ಇಳಿದು ಬೇಕಾದಲ್ಲಿ ಬೀಳುತ್ತದೆ. ಗಾಡಿಯಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಮೇಲೆ ತಗಡು, ಒಳಗೆ ಪ್ಲೈವುಡ್ಡು, ನಡುವೆ ಪೊಳ್ಳು. ನೀರು ಪೊಳ್ಳಿನಲ್ಲಿ ಎಲ್ಲೆಲ್ಲೋ ಓಡಾಡಿ ಗಾಡಿ ನಿಂತ ಓರೆಗೆ ಸರಿಯಾಗಿ ಕೆಳಗಿನ ಮೂಲೆಗೆ ಹೋಗಿ ತೊಟ್ಟಿಕ್ಕುತ್ತದೆ.

ನಾವು ಬೋರ್ಡೋ ಬಿಡುವ ಪಂಪು ತಂದೆವು. (ಪಂಪನ್ನು, ಪೈಪನ್ನು ನಾಲ್ಕು ನೀರಿನಲ್ಲಿ ತೊಳೆದೇ ತರಬೇಕು. ಮೈಲುತುತ್ತಿನ ತಾಮ್ರ ಬೋಳು ಕಬ್ಬಿಣಕ್ಕೆ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ.) ಗನ್ನಿನ ಮೂತಿ ಅಗಲ ಮಾಡಿ, ಮಳೆ ಬಿದ್ದ ಹಾಗೆ ಮೇಲಿಂದ ಬೀಳುವಂತೆ ಬಿಟ್ಟೆವು. ಜೋರಾಗಿ ಸಂದಿಗೇ ಹೊಡೆದರೆ ಸೋರದ ಜಾಗವೂ ಸೋರುತ್ತದೆ, ಪರೀಕ್ಷೆಗೆ ಅರ್ಥ ಇಲ್ಲ. ಶುರು ಮಾಡುವುದು ಕೆಳಗಿನಿಂದ. ಮೊದಲು ಕಿಟಕಿಯ ಮೇಲಂಚು, ಆಮೇಲೆ ನೀರು ಹೋಗುವ ಕಾನೆ, ಆಮೇಲೆ ತಗಡಿನ ಜೋಡಣೆ, ಕೊನೆಗೆ ನೆತ್ತಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲವನ್ನೂ ಒಟ್ಟಿಗೆ ನೆನೆಸುತ್ತದೆ, ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೆ ಹತ್ತು ನಿಮಿಷ.

ಚಿಕ್ಕಪ್ಪಯ್ಯ ತಲೆಗೆ ಟಾರ್ಚು ಕಟ್ಟಿಕೊಂಡು ಮಂಚದ ಮೇಲೆ ಅಂಗಾತ ಮಲಗಿದರು. ಒಳಗಿನ ಪ್ಲೈವುಡ್ಡು ಅಷ್ಟೊತ್ತಿಗೆ ಬಿಚ್ಚಿ ಆಗಿತ್ತು. ಅದರ ಹಿಂದೆ ಕಟ್ಟಿರುವೆ ಗೂಡು, ಒಂದಿಷ್ಟು ಗೆಜ್ಜೆಮಣಿ, ಬಣ್ಣ ಕರಗಿ ಅಕ್ಷರ ಉಳಿಯದ ಒಂದು ಆಟದ ಕರಪತ್ರ. ಗೆಜ್ಜೆಮಣಿ ಕಿಸೆಗೆ ಹೋಯಿತು. ನಾನು ಹೊರಗೆ ನೀರು ಬಿಡುವುದು, ಅವರು ಒಳಗಿಂದ "ಇಲ್ಲ... ಇಲ್ಲ... ತಡಿ... ಹಾಂ, ಬಂತ್ ಬಂತ್!" ಅನ್ನುವುದು. ಬಂತ್ ಅಂದ ಕೂಡಲೇ ಒಳಗಿಂದ ಅವರು, ಹೊರಗಿಂದ ತಮ್ಮ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಅರ್ಧ ದಿನದಲ್ಲಿ ಮಾಡಿನ ಮೇಲೆಲ್ಲ ಗುರುತು.

ಮಂಚದ ಮೇಲೆ ಬೀಳುತ್ತಿದ್ದ ನೀರು ಒಳಹೊಕ್ಕುತ್ತಿದ್ದದ್ದು ಅಲ್ಲಿಂದ ಆರು ಅಡಿ ಮುಂದೆ, ಕ್ಯಾರಿಯರಿನ ಕಾಲಿನ ಬೋಲ್ಟಿನಲ್ಲಿ. ಮೇಳದ ಪೆಟ್ಟಿಗೆ ಹೇರಲು ಹಾಕಿಸಿದ ಕ್ಯಾರಿಯರ್ ಅದು, ಹನ್ನೆರಡು ಬೋಲ್ಟು. ಆರು ತಿಂಗಳು ಹೊಂಡದ ರಸ್ತೆಯಲ್ಲಿ ಕುಲುಕಿ ಕುಲುಕಿ ಒಂದೊಂದು ತೂತೂ ಕಡಲೆಯಷ್ಟು ಅಗಲ ಆಗಿದೆ. ಅದು ಬಿಟ್ಟರೆ ಡಾಂಬರು ಶೀಟಿನ ಅಡಿ ತುಕ್ಕಿನ ತೂತು ಹನ್ನೊಂದು, ಎಡಬದಿಯ ಜೋಡಣೆಯಲ್ಲಿ ಎರಡು ಅಡಿ ಬಿರುಕು, ಮತ್ತೆ ಹಿಂದಿನ ಸಣ್ಣ ಲೈಟಿನ ಬುಡ. ಗಾಡಿಯನ್ನು ನಾವು ಹಟ್ಟಿಯ ದರೆಗೆ ಮೂತಿ ಮೇಲೆ ಮಾಡಿ ನಿಲ್ಲಿಸುತ್ತಿದ್ದದ್ದಕ್ಕೆ ಎಲ್ಲ ನೀರೂ ಹಿಂದಕ್ಕೆ, ಮಂಚದ ಕಡೆಗೇ.

ತೂತಿಗೆ ಎಂ-ಸೀಲ್ ತುಂಬಿ ಮುಗಿಸುವ ಅಂತ ಭಾವನ ಸಲಹೆ. ಎಂ-ಸೀಲ್ ಒಳ್ಳೆ ವಸ್ತು, ಪಂಪಿನ ಪೈಪಿಗೆ ನಾನೇ ಎಷ್ಟು ಸಲ ಹಾಕಿಲ್ಲ! ಆದರೆ ಅದು ಗಟ್ಟಿ, ಕಲ್ಲಿನ ಹಾಗೆ. ಗಾಡಿಯ ತಗಡು ಗಟ್ಟಿಯಾಗಿ ನಿಂತಿರುವುದಿಲ್ಲ. ಉಕ್ಕು ಒಂದು ಡಿಗ್ರಿ ಬಿಸಿಗೆ ಮೀಟರಿಗೆ 12 ಮೈಕ್ರಾನ್ ಬೆಳೆಯುತ್ತದೆ. ಬೆಳಗಿನ ತಂಪಿಗೂ ಏಪ್ರಿಲ್ ಮಧ್ಯಾಹ್ನ ಕಾದ ತಗಡಿಗೂ 40 ಡಿಗ್ರಿ ವ್ಯತ್ಯಾಸ ಅಂತ ಹಿಡಿದರೆ, ನಾಲ್ಕೂವರೆ ಮೀಟರಿನ ಮಾಡು ದಿನಾ ಎರಡು ಮಿಲಿಮೀಟರ್ ಉದ್ದ ಆಗಿ ಗಿಡ್ಡ ಆಗುತ್ತದೆ. ಅದರ ಮೇಲೆ ಓಡುವಾಗಿನ ಕುಲುಕು ಬೇರೆ. ಗಟ್ಟಿ ಮದ್ದು ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರಿಗೆ ಅಷ್ಟೇ ಬೇಕು. ಅಲ್ಲಿಗೆ ಬೇಕಾದ್ದು ರಬ್ಬರಿನ ಹಾಗೆ ಎಳೆಯುವ ಪಾಲಿಯುರಿಥೇನ್, ಅಂಗಡಿಯಲ್ಲಿ ಪಿ.ಯು. ಸೀಲೆಂಟ್ ಅಂದರೆ ಕೊಡುತ್ತಾರೆ.

ತೂತುಗಳಿಗೆ ಏನು? ವೆಲ್ಡಿಂಗಿನವರು ನೋಡಿ, ತಗಡು ತೆಳುವಾಗಿದೆ, ಸುಟ್ಟು ತೂತು ದೊಡ್ಡದಾಗುತ್ತದೆ ಅಂದರು. ಆಗ ನೆನಪಾದದ್ದು ಉಪ್ಪುಂದದ ಕಡೆಯ ಒಬ್ಬರು ಫೈಬರ್ ದೋಣಿ ಕೆಲಸದವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ನಾಡದೋಣಿಯವರು ಮಳೆಗಾಲದ ಮೀನಿಗೆ ತಯಾರಾಗುವ ಹೊತ್ತು ಮೇ ತಿಂಗಳು. ಅಂದರೆ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲದ ಸಮಯ. ಆದರೂ ಒಂದು ಆದಿತ್ಯವಾರ ಬಂದರು, ಚಿಕ್ಕಪ್ಪಯ್ಯನ ಹಳೆ ಪರಿಚಯ, ಆಟದ ಹುಚ್ಚಿನವರು. ಮಾಡಿನ ಮೇಲೆ ಹತ್ತಿ ಬೆರಳಲ್ಲಿ ತಟ್ಟಿ ತಟ್ಟಿ ನೋಡಿದರು, ಹಲಸಿನಹಣ್ಣು ತಟ್ಟಿದ ಹಾಗೆ. "ದೋಣಿಗೆ ಹಾಕು ರೆಸಿನ್ ಇದ್ಕ್ ಆತಿಲ್ಲ ಮರ್ರೆ, ಕಬ್ಬಿಣಕ್ಕೆ ಅದ್ ಸರಿ ಹಿಡಿತಿಲ್ಲ" ಅಂದರು. ದೋಣಿಗೆ ಹಾಕುವುದು ಪಾಲಿಯೆಸ್ಟರ್ ರೆಸಿನ್. ಫೈಬರಿನ ಮೇಲೆ ಫೈಬರ್ ಕಟ್ಟಲು ಸಾಕು, ಕಬ್ಬಿಣದ ಮೇಲೆ ನಾಲ್ಕು ದಿನದಲ್ಲಿ ಸಿಪ್ಪೆ ಏಳುತ್ತದೆ. ಇದಕ್ಕೆ ಎಪಾಕ್ಸಿ ಬೇಕು. ದುಡ್ಡು ಜಾಸ್ತಿ, ಆದರೆ ತಗಡನ್ನು ಕಚ್ಚಿ ಹಿಡಿಯುತ್ತದೆ. ಗಟ್ಟಿ ಎಂ-ಸೀಲ್ ಬೇಡ ಅಂದವನು ಗಟ್ಟಿ ಎಪಾಕ್ಸಿ ಯಾಕೆ ಹಾಕಿಸಿದೆ ಅಂತ ನೀವು ಕೇಳಬಹುದು. ತೂತಿರುವುದು ಒಂದೇ ತಗಡಿನ ನಡುವೆ. ಅಲ್ಲಿ ನಾರಿನ ಬಟ್ಟೆಯ ಜೊತೆ ತೆಳುವಾಗಿ ಅಗಲಕ್ಕೆ ಹಾಕಿದ ತೇಪೆ ತಗಡಿನ ಜೊತೆಗೇ ಬಗ್ಗುತ್ತದೆ. ಎರಡು ತಗಡು ಸೇರುವಲ್ಲಿ ಒಂದು ಆ ಕಡೆ, ಒಂದು ಈ ಕಡೆ ಜಗ್ಗುವುದರಿಂದ ಅಲ್ಲಿ ಮಾತ್ರ ಪಿ.ಯು.

ಅವರು ಬರುವ ಮೊದಲು ನಮ್ಮ ಕೆಲಸ ಉಜ್ಜುವುದು. ಗ್ರೈಂಡರಿಗೆ ವಯರ್ ಬ್ರಶ್ ಹಾಕಿ, ಆಮೇಲೆ ಕೈಯಲ್ಲಿ ಮರಳು ಕಾಗದ, ತಗಡು ಬೆಳ್ಳಿಯ ಹಾಗೆ ಕಾಣುವವರೆಗೆ. ಎಟುಕದ ಸಂದಿಯಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಹಚ್ಚಿ, ತೊಳೆದು, ಒಣಗಿಸಿ. ಈ ಕೆಲಸಕ್ಕೆ ನಾಲ್ಕು ದಿನ ಹೋಯಿತು, ಒಟ್ಟು ಕೆಲಸದ ಜೀವ ಇರುವುದು ಇದರಲ್ಲೇ. ನಡುವೆ ಒಂದು ಸಂಜೆ ಘಟ್ಟದ ಕಡೆಯಿಂದ ಗುಡುಗು ಮಳೆ. ಟಾರ್ಪಾಲು ಹೊದೆಸಿದೆವು. ಬೆಳಿಗ್ಗೆ ತೆಗೆದು ನೋಡಿದರೆ ಟಾರ್ಪಾಲಿನ ಅಡಿ ಬೆವತು, ಬೆಳ್ಳಿಯಂತಿದ್ದ ತಗಡಿಗೆ ಅರಸಿನ ಬಳಿದ ಹಾಗೆ ತುಕ್ಕು. ಮತ್ತೊಮ್ಮೆ ಉಜ್ಜಿ, ಅವತ್ತೇ ಸಂಜೆಯೊಳಗೆ ಎಪಾಕ್ಸಿ ಪ್ರೈಮರ್. ನಮ್ಮ ಕರಾವಳಿಯ ಗಾಳಿಯಲ್ಲಿ ಬೋಳು ಕಬ್ಬಿಣವನ್ನು ರಾತ್ರಿಗೆ ಬಿಡುವ ಹಾಗೆ ಇಲ್ಲ.

ಕ್ಯಾರಿಯರನ್ನು ಪೂರ್ತಿ ತೆಗೆದೇ ಬಿಟ್ಟೆವು. ಚಿಕ್ಕಪ್ಪಯ್ಯನಿಗೆ ಮನಸ್ಸಿರಲಿಲ್ಲ. "ಅದಿಲ್ದಿದ್ರೆ ಮೇಳದ್ ಗಾಡಿ ಕಂಡಂಗೆ ಕಾಂತಿಲ್ಲ" ಅಂದರು. ಹೇರಲು ಈಗ ಪೆಟ್ಟಿಗೆ ಇಲ್ಲವಲ್ಲ ಅಂದಾಗ ಏನೂ ಹೇಳಲಿಲ್ಲ, ಎದ್ದು ಹುಲ್ಲು ತರಲಿಕ್ಕೆ ಹೋದರು. ಇಲ್ಲದ ತೂತು ಸೋರುವುದಿಲ್ಲ, ಇದರಲ್ಲಿ ರಾಜಿ ಬೇಡ ಅಂತ ನನ್ನ ಅಭಿಪ್ರಾಯ. ಹನ್ನೆರಡು ಬೋಲ್ಟಿನ ತೂತಿಗೂ ತೇಪೆ ಬಿತ್ತು. ಲೈಟಿನ ಬುಡಕ್ಕೆ ಬ್ಯೂಟೈಲ್ ಟೇಪು ಹಾಕಿ ಬಿಗಿದೆವು. ಅದು ಹಲಸಿನ ಮೇಣದ ಹಾಗಿನ ವಸ್ತು, ಗಟ್ಟಿಯಾಗುವುದೇ ಇಲ್ಲ, ಬಿಗಿದಷ್ಟೂ ಸಂದಿಗೆ ತುಂಬಿಕೊಳ್ಳುತ್ತದೆ.

ಎಡಬದಿಯ ಜೋಡಣೆಗೆ ಪಿ.ಯು. ಹಾಕುವಾಗ ಅಜ್ಜಿಯ ಗೊರಬು ನೆನಪಾಯಿತು. ನೆಟ್ಟಿಗೆ ಹೋಗುವ ಹೆಂಗಸರು ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದರಲ್ಲ, ಬಿದಿರ ಕಡ್ಡಿಯ ನಡುವೆ ಎಲೆ ಇಟ್ಟು ಹೆಣೆದದ್ದು. ಅದರಲ್ಲಿ ಒಂದು ಹನಿ ಅಂಟು ಇಲ್ಲ. ಮೇಲಿನ ಎಲೆ ಕೆಳಗಿನ ಎಲೆಯ ಮೇಲೆ ಬರುತ್ತದೆ, ನೀರು ಜಾರುತ್ತದೆ, ಅಷ್ಟೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಹಂಚಿನಲ್ಲೂ ಇದೇ ಉಪಾಯ, ಜೊತೆಗೆ ಒಂದಕ್ಕೊಂದು ಸಿಕ್ಕುವ ಕಚ್ಚು. ಗಾಡಿಯ ಮಾಡು ಮಾತ್ರ ಚಪ್ಪಟೆ, ಹಾಗಾಗಿ ಅಂಟನ್ನು ನಂಬದೆ ವಿಧಿ ಇಲ್ಲ. ನಂಬುವುದಾದರೂ ನೀರು ನಿಲ್ಲಲು ಬಿಡಬಾರದು. ಬದಿಯ ಕಾನೆಯಲ್ಲಿ ವರ್ಷಗಟ್ಟಲೆಯ ಅಡಿಕೆ ಹಿಂಗಾರದ ಪುಡಿ, ಎಲೆ, ಮಣ್ಣು ಸೇರಿ ಗೊಬ್ಬರವೇ ಆಗಿತ್ತು, ಅದರಲ್ಲಿ ಒಂದು ಅಶ್ವತ್ಥದ ಸಸಿ ಬೇರೆ. ಅದನ್ನೆಲ್ಲ ಬಳಿದು, ಗಾಡಿ ನಿಲ್ಲಿಸುವ ಜಾಗಕ್ಕೆ ಚಿರೆಕಲ್ಲು ಹಾಸಿ, ಮೂತಿ ಸ್ವಲ್ಪ ಕೆಳಗೆ ಇರುವ ಹಾಗೆ ಮಾಡಿದೆವು. ಈಗ ಮಾಡಿನ ನೀರೆಲ್ಲ ಮುಂದಿನಿಂದ ಧಾರೆಯಾಗಿ ಬೀಳುತ್ತದೆ. ಕೊನೆಗೆ ಎರಡು ಕೋಟು ಬಿಳಿ ಪೈಂಟು, ಬಿಸಿ ಕಡಿಮೆ ಆಗಲಿ ಅಂತ. ಏಪ್ರಿಲ್ ಮಧ್ಯಾಹ್ನ ಕೈ ಇಡಲಾಗದ ತಗಡಿನ ಮೇಲೆ ಮೇ ಕೊನೆಯ ಬಿಸಿಲಿನಲ್ಲಿ ಅಂಗೈ ಇಟ್ಟು ಕೂರಬಹುದಿತ್ತು.

ಖರ್ಚು ಹೇಳುತ್ತೇನೆ, ಎಲ್ಲರೂ ಅದನ್ನೇ ಕೇಳುವುದು. ಎಪಾಕ್ಸಿ, ನಾರಿನ ಬಟ್ಟೆ, ಪ್ರೈಮರ್, ಪಿ.ಯು. ನಾಲ್ಕು ಟ್ಯೂಬು, ಟೇಪು, ಪೈಂಟು, ಹೊಸ ಪ್ಲೈವುಡ್ಡು ಎಲ್ಲ ಸೇರಿ 17,400 ರೂಪಾಯಿ. ಫೈಬರಿನವರು ಕೂಲಿ ತಕೊಳ್ಳಲಿಲ್ಲ, ಒಂದು ಗೊನೆ ಬಾಳೆಕಾಯಿ, ಎರಡು ಲೀಟರ್ ತೆಂಗಿನೆಣ್ಣೆ ಕೊಟ್ಟು ಕಳಿಸಿದೆವು. ಹದಿನೈದು ವರ್ಷ ದಾಟಿದ ಗಾಡಿಗೆ ಇಷ್ಟು ಹಾಕುವುದಾ ಅಂತ ಭಾವನಿಗೆ ಈಗಲೂ ತಲೆಬಿಸಿ. ಅವರ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ. ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣ ಆಗಬೇಕು, ಹಳೆ ಕಾರಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲಿನಲ್ಲೇ 5,000 ಆಗಿತ್ತು. ಇಂತಹ ಗಾಡಿ ಇಟ್ಟುಕೊಳ್ಳುವುದು ವರ್ಷ ಹೋದ ಹಾಗೆ ತುಟ್ಟಿಯೇ.

ಜೂನಿನ ಮೊದಲ ಜಡಿಮಳೆ ಮೂರು ರಾತ್ರಿ ಬಿಡದೆ ಹೊಯ್ದಿತು. ಮೊದಲನೇ ರಾತ್ರಿ ನಾನು ಎರಡು ಸಲ ಕೊಡೆ ಹಿಡಿದು ಹೋಗಿ ಬಾಗಿಲು ಬಡಿದೆ. ಎರಡನೇ ಸಲ ಒಳಗಿಂದ, "ಎಂತ ಮಗಾ, ನಿಂಗೂ ಒಳ್ಗ್ ನಿದ್ರಿ ಬತ್ತಿಲ್ಯಾ?" ಅಂತ ಕೇಳಿತು. ಬಾಲ್ದಿ ಎರಡೂ ಒಣಗಿದ್ದವು.

ಮೂರನೇ ಬೆಳಿಗ್ಗೆ ಮಾತ್ರ ಹೊಸ ಪ್ಲೈವುಡ್ಡಿನ ಮೇಲೆ ಸಣ್ಣ ಸಣ್ಣ ಹನಿ. ಎದೆ ಧಸಕ್ಕೆಂದಿತು. ಮುಟ್ಟಿ ನೋಡಿದರೆ ಎಲ್ಲ ಕಡೆ ಸಮನಾಗಿ, ಕಿಟಕಿ ಗಾಜಿನ ಮೇಲೂ ಅದೇ. ಅದು ಸೋರಿದ್ದಲ್ಲ, ಬೆವರಿದ್ದು. ಒಬ್ಬ ಮನುಷ್ಯ ಮಲಗಿ ಉಸಿರಾಡಿದರೆ ಒಂದು ರಾತ್ರಿಗೆ ಸುಮಾರು ಒಂದು ಲೋಟ ನೀರು ಗಾಳಿಗೆ ಸೇರುತ್ತದಂತೆ. ಅದರ ಮೇಲೆ ಇವರು ಒದ್ದೆ ಪಂಚೆಯನ್ನು ಒಳಗೇ ಹರವಿ, ಗಾಳಿಗೆ ಹೆದರಿ ಕಿಟಕಿ ಪೂರ್ತಿ ಮುಚ್ಚಿಕೊಂಡಿದ್ದರು. ಮೊದಲೆಲ್ಲ ತೂತಿನಿಂದ ಗಾಳಿ ಆಡುತ್ತಿತ್ತು, ಈಗ ಗಾಡಿ ಡಬ್ಬಿಯ ಹಾಗೆ. ಎದುರುಬದುರು ಎರಡು ಕಿಟಕಿಗೆ ಹೊರಗಿನಿಂದ ತಗಡಿನ ಸಣ್ಣ ಮರೆ ಮಾಡಿಸಿ, ಎರಡು ಬೆರಳು ಅಗಲ ಯಾವಾಗಲೂ ತೆರೆದೇ ಇರುವ ಹಾಗೆ ಆಣಿ ಹೊಡೆದುಬಿಟ್ಟೆ. ಪಂಚೆ ಈಗ ಹಟ್ಟಿಯಲ್ಲಿ ಒಣಗುತ್ತದೆ, ಹೊಗೆ ವಾಸನೆ ಅಂತ ದಿನಾ ಒಂದು ಗೊಣಗಾಟ.

ಆಟಿ ಬಂತು. ಬೂಸಲಿನ ವಾಸನೆ ಇಲ್ಲ. ಹೋದ ವಾರ ಡಾಕ್ಟ್ರಿಗೆ ತೋರಿಸಿದೆವು, ಎದೆಯ ಶಬ್ದ ಕಡಿಮೆ ಇದೆ, ಪಂಪು ದಿನಕ್ಕೆ ಎರಡರ ಬದಲು ಒಂದು ಸಾಕು ಅಂದರು. ಎಲ್ಲಿ ಮಲಗುತ್ತೀರಿ ಅಂತ ಕೇಳಿದ್ದಕ್ಕೆ ಚಿಕ್ಕಪ್ಪಯ್ಯ ನನ್ನ ಮುಖ ನೋಡಿ, "ಮನೆಯಲ್ಲೇ" ಅಂದರು.

ಒಂದು ಕೆಲಸ ಬಾಕಿ. ಎದುರಿನ ಗಾಜಿನ ಕೆಳಗೆ ಎಡಮೂಲೆಯಲ್ಲಿ ರಬ್ಬರು ಒಣಗಿ ಬಿರಿದಿದೆ, ಅಡ್ಡಗಾಳಿಯ ಮಳೆಗೆ ಸ್ವಲ್ಪ ಒಸರುತ್ತದೆ. ಈಗ ಬಟ್ಟೆ ತುರುಕಿ ಇಟ್ಟಿದ್ದೇವೆ. ಮಳೆ ನಿಂತ ಮೇಲೆ ಗಾಜು ತೆಗೆಸಿ ರಬ್ಬರು ಬದಲಿಸಬೇಕು, ದೀಪಾವಳಿಯ ಮೊದಲು, ಯಾಕೆಂದರೆ ಮೊದಲ ಆಟಕ್ಕೆ ಹೋಗುವುದು ಅಂತ ಅವರು ಈಗಲೇ ಬ್ಯಾಟರಿಗೆ ನೀರು ಹಾಕಿ ಇಟ್ಟಿದ್ದಾರೆ. ಹಳೆ ಟ್ರಾವೆಲರಿನ ಎದುರು ಗಾಜಿನ ರಬ್ಬರು ಕುಂದಾಪುರ, ಉಡುಪಿ, ಭಟ್ಕಳ ಕಡೆ ಯಾರಲ್ಲಾದರೂ ಸಿಗುವುದಾದರೆ ತಿಳಿಸಿ.